ಕೀಫ್ರೇಮ್ ಅಳಿಸಿದರೆ ಟ್ರ್ಯಾಕಿಂಗ್‌ಗೆ ಏನಾಗುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಹಾಸನದಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತೇನೆ. ಇತ್ತೀಚೆಗೆ ಕಾಫಿಪುಡಿ ಅಂಗಡಿಯೊಂದರ ಜಾಹೀರಾತಿಗಾಗಿ, ಬಿ.ಎಂ. ರಸ್ತೆಯಲ್ಲಿ ಹೋಗುವ ಗೂಡ್ಸ್ ಗಾಡಿಯೊಂದರ ಪಕ್ಕಕ್ಕೆ ಅಂಗಡಿಯ ಹೆಸರಿನ ಬೋರ್ಡನ್ನು ಆಫ್ಟರ್ ಎಫೆಕ್ಟ್ಸ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಕೂರಿಸಬೇಕಾಯಿತು. ಟ್ರ್ಯಾಕ್ ಮಾಡಿದಾಗ, ಅಂದರೆ ಗಾಡಿಯ ಚಲನೆಯನ್ನು ತಂತ್ರಾಂಶ ಹಿಂಬಾಲಿಸುವಂತೆ ಮಾಡಿದಾಗ, ಪ್ರತಿಯೊಂದು ಫ್ರೇಮ್‌ಗೂ ಒಂದು ಕೀಫ್ರೇಮ್ (ಆ ಫ್ರೇಮ್‌ನಲ್ಲಿ ಬೋರ್ಡು ಇರಬೇಕಾದ ಜಾಗದ ದಾಖಲೆ) ಬಂದಿತು. ಆದರೆ ಬೋರ್ಡು ಸಣ್ಣಗೆ ನಡುಗುತ್ತಿತ್ತು. ನಡುಕ ಹೋಗಲೆಂದು ಹತ್ತಕ್ಕೊಂದು ಕೀಫ್ರೇಮ್ ಉಳಿಸಿಕೊಂಡು ಮಿಕ್ಕವನ್ನೆಲ್ಲ ಅಳಿಸಿದೆ. ನಡುಕ ನಿಂತಿತು, ಆದರೆ ಈಗ ಬೋರ್ಡು ಗಾಡಿಯ ಮೇಲಿಂದ ಜಾರಿದಂತೆ ಕಾಣುತ್ತಿದೆ. ಇನ್ನೊಂದು ವಿಚಿತ್ರವೆಂದರೆ, ಟ್ರ್ಯಾಕರ್‌ನ ಕೆಳಗಿರುವ ಕೀಫ್ರೇಮ್‌ಗಳನ್ನು ಅಳಿಸಿದರೆ ಬೋರ್ಡಿನ ಚಲನೆಯಲ್ಲಿ ಏನೂ ಬದಲಾಗುವುದಿಲ್ಲ. ಎಲ್ಲಿ ಅಳಿಸಬೇಕು, ಎಷ್ಟು ಅಳಿಸಬಹುದು?
— ಓದುಗರು, ಹಾಸನ

ಉತ್ತರ: ಎರಡನೆಯ ಸಂಗತಿಯನ್ನು ಮೊದಲು ಬಗೆಹರಿಸೋಣ, ಏಕೆಂದರೆ ಅದು ತಿಳಿದರೆ ಮೊದಲನೆಯದು ಸುಲಭವಾಗುತ್ತದೆ. ಆಫ್ಟರ್ ಎಫೆಕ್ಟ್ಸ್‌ನ ಟ್ರ್ಯಾಕರ್ ಕೆಲಸ ಮಾಡುವಾಗ ಮೂಲ ವಿಡಿಯೊ ಲೇಯರ್‌ನ ಕೆಳಗೆ ಪ್ರತಿ ಟ್ರ್ಯಾಕ್ ಪಾಯಿಂಟ್‌ಗೂ ಮೂರು ಸಾಲು ಕೀಫ್ರೇಮ್‌ಗಳನ್ನು ಬರೆಯುತ್ತದೆ: ಫೀಚರ್ ಸೆಂಟರ್, ಕಾನ್ಫಿಡೆನ್ಸ್ ಮತ್ತು ಅಟ್ಯಾಚ್ ಪಾಯಿಂಟ್. ಮೊದಲನೆಯದು ಗುರುತು ಎಲ್ಲಿ ಸಿಕ್ಕಿತು ಎಂಬುದು, ಎರಡನೆಯದು ಅದೇ ಗುರುತು ಎಂಬ ಬಗ್ಗೆ ತಂತ್ರಾಂಶಕ್ಕೆ ಎಷ್ಟು ಭರವಸೆ ಇದೆ ಎಂಬುದು, ಮೂರನೆಯದು ಬೋರ್ಡು ಅಂಟಬೇಕಾದ ಜಾಗ. ನೀವು ಅಪ್ಲೈ ಒತ್ತಿದ ಕ್ಷಣದಲ್ಲಿ ಅಟ್ಯಾಚ್ ಪಾಯಿಂಟ್‌ನ ಮೌಲ್ಯಗಳು ಬೋರ್ಡಿನ ಲೇಯರ್‌ಗೆ ಪೊಸಿಷನ್ ಕೀಫ್ರೇಮ್‌ಗಳಾಗಿ ನಕಲಾಗುತ್ತವೆ. ನಕಲಾದ ಮೇಲೆ ಇವೆರಡಕ್ಕೂ ಸಂಬಂಧ ಉಳಿಯುವುದಿಲ್ಲ. ಆದ್ದರಿಂದಲೇ ಟ್ರ್ಯಾಕರ್‌ನ ಕೀಫ್ರೇಮ್‌ಗಳನ್ನು ನೀವು ಅಳಿಸಿದಾಗ ಬೋರ್ಡು ಕದಲಲಿಲ್ಲ. ತಿದ್ದಿದ್ದು ಬೋರ್ಡಿಗೆ ತಲುಪಬೇಕಾದರೆ ಮತ್ತೊಮ್ಮೆ ಅಪ್ಲೈ ಮಾಡಬೇಕು. ಫೀಚರ್ ಸೆಂಟರ್ ಸಾಲನ್ನು ಮಾತ್ರ ಅಳಿಸಿ ಅಟ್ಯಾಚ್ ಪಾಯಿಂಟ್ ಸಾಲನ್ನು ಹಾಗೆಯೇ ಬಿಟ್ಟರೆ, ಮತ್ತೆ ಅಪ್ಲೈ ಮಾಡಿದರೂ ಹಳೆಯ ಚಲನೆಯೇ ಬರುತ್ತದೆ ಎಂಬುದನ್ನೂ ನೆನಪಿಡಿ.

ಇನ್ನು ಜಾರುವ ವಿಚಾರ. ಟ್ರ್ಯಾಕಿಂಗ್‌ನಿಂದ ಬಂದ ಪ್ರತಿಯೊಂದು ಕೀಫ್ರೇಮ್ ಆ ಫ್ರೇಮ್‌ನ ಚಿತ್ರವನ್ನು ನೋಡಿ ಬರೆದ ಅಳತೆ. ಅದನ್ನು ಅಳಿಸಿದರೆ ತಂತ್ರಾಂಶವು ಹಿಂದೆ ಹೋಗಿ ಚಿತ್ರವನ್ನು ಪುನಃ ನೋಡುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಅದು ನೋಡುವುದಿಲ್ಲ. ಆಚೀಚೆ ಉಳಿದ ಎರಡು ಕೀಫ್ರೇಮ್‌ಗಳ ನಡುವೆ ಲೆಕ್ಕ ಹಾಕಿ ತುಂಬುತ್ತದೆ, ಅಷ್ಟೇ. ನಿಮ್ಮ ಗಾಡಿಯನ್ನೇ ತೆಗೆದುಕೊಂಡು ಒಂದು ಮಾದರಿ ಲೆಕ್ಕ ಮಾಡೋಣ. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ 40ನೇ ಫ್ರೇಮ್‌ನಲ್ಲಿ ಬೋರ್ಡಿನ ಮೂಲೆ ಎಡದಿಂದ 612 ಪಿಕ್ಸೆಲ್‌ನಲ್ಲಿಯೂ 50ನೇ ಫ್ರೇಮ್‌ನಲ್ಲಿ 732 ಪಿಕ್ಸೆಲ್‌ನಲ್ಲಿಯೂ ಇದೆ ಎಂದುಕೊಳ್ಳಿ. ನಡುವಿನ ಒಂಬತ್ತನ್ನು ಅಳಿಸಿದರೆ, ಇಂಟರ್‌ಪೊಲೇಷನ್ (ನಡುವನ್ನು ತುಂಬುವ ಲೆಕ್ಕ) ಲೀನಿಯರ್, ಅಂದರೆ ಸಮವೇಗದ್ದು ಆಗಿದ್ದಲ್ಲಿ, ತಂತ್ರಾಂಶವು ಫ್ರೇಮ್‌ಗೆ 12 ಪಿಕ್ಸೆಲ್‌ನಂತೆ ಹಂಚಿ 45ನೇ ಫ್ರೇಮ್‌ನಲ್ಲಿ ಮೂಲೆಯನ್ನು 672ರಲ್ಲಿ ಇಡುತ್ತದೆ. ಆದರೆ ಚಾಲಕ ಅಲ್ಲಿ ಹಂಪ್ ನೋಡಿ ಬ್ರೇಕ್ ಒತ್ತಿದ್ದರೆ, ಮೊದಲ ಐದು ಫ್ರೇಮ್‌ಗಳಲ್ಲಿ ಗಾಡಿ 80 ಪಿಕ್ಸೆಲ್ ಸಾಗಿ, ಮುಂದಿನ ಐದರಲ್ಲಿ 40 ಮಾತ್ರ ಸಾಗಿರುತ್ತದೆ. ಅಂದರೆ 45ನೇ ಫ್ರೇಮ್‌ನಲ್ಲಿ ಮೂಲೆ ನಿಜವಾಗಿ 692ರಲ್ಲಿದೆ. ಬೋರ್ಡು 20 ಪಿಕ್ಸೆಲ್ ಹಿಂದೆ ಬಿತ್ತು. ಹಂಪ್‌ನ ಕಥೆ ಇನ್ನೂ ಕೆಟ್ಟದು: 46ನೇ ಫ್ರೇಮ್‌ನಲ್ಲಿ ಗಾಡಿ 15 ಪಿಕ್ಸೆಲ್ ಮೇಲೆದ್ದು 50ಕ್ಕೆ ಹಳೆಯ ಎತ್ತರಕ್ಕೆ ಮರಳಿದ್ದರೆ, ಉಳಿದ ಎರಡೂ ಕೀಫ್ರೇಮ್‌ಗಳ ಎತ್ತರ ಒಂದೇ ಆಗಿರುವುದರಿಂದ ಆ ಜಿಗಿತದ ಸುಳಿವೇ ಉಳಿಯುವುದಿಲ್ಲ. ಗಾಡಿ ಕುಲುಕುತ್ತದೆ, ಬೋರ್ಡು ಕುಲುಕುವುದಿಲ್ಲ. ನೋಡುವವರ ಕಣ್ಣು ಇದನ್ನು ತಕ್ಷಣ ಹಿಡಿಯುತ್ತದೆ.

ಉಳಿದ ಕೀಫ್ರೇಮ್‌ಗಳ ನಡುವಿನ ಹಾದಿ ಬೆಜಿಯರ್ (ಬಾಗುವ ಗೆರೆ) ಆಗಿದ್ದರೆ ಮತ್ತೊಂದು ತೊಂದರೆ ಸೇರಿಕೊಳ್ಳುತ್ತದೆ. ಕೀಫ್ರೇಮ್‌ಗಳು ಒತ್ತೊತ್ತಾಗಿದ್ದಾಗ ಕಾಣದಿದ್ದ ಬಾಗು, ಅವು ದೂರ ದೂರವಾದಾಗ ಎದ್ದು ಕಾಣುತ್ತದೆ. ನೇರ ಹೋಗಬೇಕಾದ ಬೋರ್ಡು ಹೊಟ್ಟೆಯುಬ್ಬಿದ ಗೆರೆಯ ಮೇಲೆ ಸಾಗುತ್ತದೆ. ಮೋಷನ್ ಬ್ಲರ್ (ಚಲನೆಯಿಂದಾಗುವ ಮಸುಕು) ಹಾಕಿದ್ದರೆ ಅದೂ ಕೆಡುತ್ತದೆ. ಬ್ಲರ್‌ನ ಉದ್ದವನ್ನು ತಂತ್ರಾಂಶ ಲೆಕ್ಕ ಹಾಕುವುದು ಲೇಯರ್‌ನ ವೇಗದಿಂದ. ಷಟರ್ ಆಂಗಲ್ 180 ಡಿಗ್ರಿ ಇದ್ದರೆ ಅರ್ಧ ಫ್ರೇಮ್ ಅವಧಿಯಲ್ಲಿ ಸಾಗಿದಷ್ಟು ದೂರ ಬ್ಲರ್ ಬರುತ್ತದೆ. ಮೇಲಿನ ಲೆಕ್ಕದಲ್ಲಿ ಬ್ರೇಕ್ ಒತ್ತುವ ಮೊದಲು ಗಾಡಿಯ ಮೇಲಿನ ಬ್ಲರ್ ಸುಮಾರು 8 ಪಿಕ್ಸೆಲ್, ಒತ್ತಿದ ಮೇಲೆ ಸುಮಾರು 4; ನಿಮ್ಮ ಬೋರ್ಡಿನದು ಮಾತ್ರ ಉದ್ದಕ್ಕೂ 6. ಜಾಗ ಸರಿಹೊಂದಿಸಿದ ಮೇಲೂ ಬೋರ್ಡು ಅಂಟಿಸಿದಂತೆ ಕಾಣುವುದಕ್ಕೆ ಅನೇಕ ವೇಳೆ ಇದೇ ಕಾರಣ. ನಾಲ್ಕು ಮೂಲೆಗಳ ಕಾರ್ನರ್ ಪಿನ್ ಬಳಸಿದ್ದರಂತೂ ಒಂದು ಮೂಲೆಯ ಕೀಫ್ರೇಮ್‌ಗಳನ್ನು ಮಾತ್ರ ಅಳಿಸುವುದು ಎಂದಿಗೂ ಬೇಡ. ಮೂರು ಮೂಲೆಗಳು ಅಳತೆಯನ್ನೂ ನಾಲ್ಕನೆಯದು ಊಹೆಯನ್ನೂ ಅನುಸರಿಸಿ ಬೋರ್ಡು ಸೊಟ್ಟಗಾಗುತ್ತದೆ.

ಹಾಗಾದರೆ ನಡುಕಕ್ಕೆ ಪರಿಹಾರವೇನು? ನಡುಕದ ಮೂಲ ಬಹುಪಾಲು ಚಿತ್ರದಲ್ಲಿಯೇ ಇರುತ್ತದೆ. ಮೊಬೈಲ್‌ನಲ್ಲಿಯೋ ಸಂಜೆಯ ಮಂದ ಬೆಳಕಿನಲ್ಲಿಯೋ ತೆಗೆದ ವಿಡಿಯೊದಲ್ಲಿ ಕಾಳುಕಾಳಾದ ನಾಯ್ಸ್ ಇರುತ್ತದೆ. ಗುರುತಿಗಾಗಿ ಹಾಕಿದ ಒಳಚೌಕ ತೀರ ಚಿಕ್ಕದಾಗಿದ್ದರೆ ಟ್ರ್ಯಾಕರ್ ಆ ಕಾಳುಗಳನ್ನೇ ಹಿಂಬಾಲಿಸುತ್ತದೆ. ಒಳಚೌಕವನ್ನು ಸ್ವಲ್ಪ ದೊಡ್ಡದು ಮಾಡಿ. ಬಣ್ಣಕ್ಕಿಂತ ಬೆಳಕು-ನೆರಳಿನ ವ್ಯತ್ಯಾಸ ಚೆನ್ನಾಗಿದ್ದರೆ ಟ್ರ್ಯಾಕ್ ಚಾನೆಲ್ ಅನ್ನು ಲ್ಯೂಮಿನೆನ್ಸ್‌ಗೆ ಇಡಿ. ವಿಡಿಯೊದ ಒಂದು ಪ್ರತಿಗೆ ನಾಯ್ಸ್ ತೆಗೆಯುವ ಎಫೆಕ್ಟ್ ಹಾಕಿ, ಬೇರೆ ಫೈಲ್ ಆಗಿ ರೆಂಡರ್ ಮಾಡಿ, ಅದರ ಮೇಲೆ ಟ್ರ್ಯಾಕ್ ಮಾಡಿ, ಬಂದ ಚಲನೆಯನ್ನು ಮೂಲ ವಿಡಿಯೊದ ಮೇಲಿರುವ ಬೋರ್ಡಿಗೆ ಕೊಡುವುದು ಇನ್ನೂ ಒಳ್ಳೆಯದು. ಇಷ್ಟಾದ ಮೇಲೂ ನಡುಕ ಉಳಿದರೆ ಪೊಸಿಷನ್‌ಗೆ ಸ್ಮೂತ್ ಎಂಬ ಎಕ್ಸ್‌ಪ್ರೆಷನ್ (ಚಿಕ್ಕ ಸೂತ್ರ) ಬರೆಯಿರಿ. ಸಂಖ್ಯೆಗಳನ್ನು ಕೊಡದಿದ್ದರೆ ಅದು 0.2 ಸೆಕೆಂಡಿನ ಅವಧಿಯಲ್ಲಿ 5 ಮಾದರಿಗಳ ಸರಾಸರಿ ತೆಗೆಯುತ್ತದೆ. ಸ್ಮೂದರ್ ಎಂಬ ಪ್ಯಾನೆಲ್ ಕೂಡ ಇದೆ, ಆದರೆ ಅದು ಕೀಫ್ರೇಮ್‌ಗಳನ್ನೇ ತಿದ್ದಿ ಕಡಿಮೆ ಮಾಡುತ್ತದೆ. ಎಕ್ಸ್‌ಪ್ರೆಷನ್ ಬಳಸಿದರೆ ಅಳತೆಗಳು ಅಡಿಯಲ್ಲಿ ಹಾಗೆಯೇ ಇರುತ್ತವೆ, ಬೇಡವಾದಾಗ ತೆಗೆದುಹಾಕಬಹುದು. ಆದ್ದರಿಂದ ನಮ್ಮ ಒಲವು ಅದರ ಕಡೆಗೆ. ಸರಾಸರಿಯೂ ಅತಿಯಾದರೆ ಹಂಪ್‌ನ ಜಿಗಿತವನ್ನು ತಿಂದುಹಾಕುತ್ತದೆಂಬುದು ಬೇರೆ ಮಾತು.

ಅಳಿಸಲೇಬೇಕಾದ ಸಂದರ್ಭವೂ ಇದೆ. ಗಾಡಿಯ ಮುಂದೆ ಕರೆಂಟ್ ಕಂಬವೊಂದು ಹಾದುಹೋಯಿತು, ಟ್ರ್ಯಾಕರ್ ಗಾಡಿಯನ್ನು ಬಿಟ್ಟು ಕಂಬವನ್ನು ಹಿಡಿಯಿತು ಎನ್ನಿ. ಆ ಆರೇಳು ಫ್ರೇಮ್‌ಗಳಲ್ಲಿ ಬರೆದಿರುವುದು ಅಳತೆಯಲ್ಲ, ಸುಳ್ಳು. ಅದಕ್ಕಿಂತ ಊಹೆಯೇ ವಾಸಿ. ಕಂಬ ಒಳಚೌಕದ ಅಂಚನ್ನು ಮುಟ್ಟಿದಾಗಿನಿಂದಲೇ ಮೌಲ್ಯಗಳು ಕೆಡಲು ಆರಂಭಿಸುವುದರಿಂದ ಎರಡೂ ಕಡೆ ಒಂದೆರಡು ಫ್ರೇಮ್ ಹೆಚ್ಚಾಗಿಯೇ ಅಳಿಸಬೇಕು. ಕಾನ್ಫಿಡೆನ್ಸ್ ಗ್ರಾಫ್ ಎಲ್ಲಿ ಕುಸಿಯುತ್ತದೆಂದು ನೋಡಿದರೆ ಗಡಿ ತಿಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಇದು ಹೆಚ್ಚೆಂದರೆ ಅರ್ಧ ಸೆಕೆಂಡಿನ ಅಂತರ, ಗಾಡಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ನಡುವಿನ ಲೆಕ್ಕ ಸಾಕಷ್ಟು ಸರಿಯಾಗಿಯೇ ಬರುತ್ತದೆ. ಕಂಬ ದಾಟಿದ ಮೇಲೆ ಹಳೆಯ ಗುರುತು ಸಿಗದಿದ್ದರೆ, ಆಲ್ಟ್ ಒತ್ತಿ ಹಿಡಿದು ಚೌಕಗಳನ್ನು ಗಾಡಿಯ ಬೇರೊಂದು ಸ್ಪಷ್ಟ ಗುರುತಿಗೆ ಎಳೆಯಿರಿ. ಅಟ್ಯಾಚ್ ಪಾಯಿಂಟ್ ಇದ್ದಲ್ಲಿಯೇ ಉಳಿಯುತ್ತದೆ, ಬೋರ್ಡು ಜಿಗಿಯುವುದಿಲ್ಲ.

ಇನ್ನೊಂದು ಬಗೆಯ ದೋಷವೆಂದರೆ ನಿಧಾನವಾದ ಜಾರುವಿಕೆ. ನೂರು ಫ್ರೇಮ್ ಮುಗಿಯುವಷ್ಟರಲ್ಲಿ ಬೋರ್ಡು 8 ಪಿಕ್ಸೆಲ್ ಪಕ್ಕಕ್ಕೆ ಸರಿದಿರುತ್ತದೆ, ಆದರೆ ಯಾವ ಒಂದು ಕೀಫ್ರೇಮ್ ತಪ್ಪೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಇಲ್ಲಿ ಅಳಿಸುವುದರಿಂದ ಪ್ರಯೋಜನವಿಲ್ಲ, ಉಳಿದವೂ ಅಷ್ಟೇ ಜಾರಿರುತ್ತವೆ. ಟ್ರ್ಯಾಕಿಂಗ್ ಅನ್ನು ಮೊದಲೇ ಒಂದು ನಲ್‌ಗೆ (ಕಣ್ಣಿಗೆ ಕಾಣದ ಖಾಲಿ ಲೇಯರ್‌ಗೆ) ಅಪ್ಲೈ ಮಾಡಿ, ಬೋರ್ಡನ್ನು ಅದಕ್ಕೆ ಪೇರೆಂಟ್ ಮಾಡಿದ್ದರೆ, ಅಂದರೆ ಅದರ ಚಲನೆಯನ್ನು ಅನುಸರಿಸುವಂತೆ ಕಟ್ಟಿದ್ದರೆ, ಬೋರ್ಡಿನ ಸ್ವಂತ ಪೊಸಿಷನ್ ಖಾಲಿ ಇರುತ್ತದೆ. ಆರಂಭದಲ್ಲಿ ಒಂದು, ಕೊನೆಯಲ್ಲಿ 8 ಪಿಕ್ಸೆಲ್ ಹಿಂದಕ್ಕೆ ಒಂದು, ಹೀಗೆ ಎರಡು ಕೀಫ್ರೇಮ್‌ಗಳಲ್ಲಿ ತಿದ್ದುಪಡಿ ಮುಗಿಯುತ್ತದೆ.

ಪ್ರಶ್ನೆ: ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಕ್ಕದಲ್ಲಿ ನಡೆಯುತ್ತಾ ತೆಗೆದ ವಿಡಿಯೊವನ್ನು ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ಕ್ಯಾಮೆರಾ ಟ್ರ್ಯಾಕ್ ಮಾಡುತ್ತಿದ್ದೇನೆ, ಅಂದರೆ ಕ್ಯಾಮೆರಾ ಸಾಗಿದ ಹಾದಿಯನ್ನು ಕಂಡುಹಿಡಿಯುತ್ತಿದ್ದೇನೆ. ಕೆಳಗಿನ ಆನೆಗಳ ಸಾಲಿನ ಮೇಲೆ ಇಟ್ಟ ಮಾರ್ಕರ್‌ಗಳು ಒಂದು ಆನೆಯಿಂದ ಪಕ್ಕದ ಆನೆಗೆ ಹಾರುತ್ತಿವೆ. ಹಾರಿದ ಫ್ರೇಮ್‌ನ ಮಾರ್ಕರ್ ಅಳಿಸಿ ಮತ್ತೆ ಸಾಲ್ವ್ ಮಾಡಿದರೂ (ಕ್ಯಾಮೆರಾದ ಲೆಕ್ಕ ಹಾಕಿಸಿದರೂ) ಎರರ್ ಇಳಿಯುತ್ತಿಲ್ಲ. ಎರರ್ ಹೆಚ್ಚಿರುವ ಟ್ರ್ಯಾಕ್‌ಗಳನ್ನೆಲ್ಲ ತೆಗೆದುಬಿಡಬಹುದೇ?
— ಓದುಗರು, ಬೇಲೂರು

ಉತ್ತರ: ಟ್ರ್ಯಾಕರ್‌ಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಸಿಗಲಾರದು. ಶಿಲ್ಪಿಗಳು ಪ್ರತಿ ಆನೆಯನ್ನೂ ಬೇರೆಯಾಗಿಯೇ ಕಡೆದಿದ್ದರೂ, ಹತ್ತಿಪ್ಪತ್ತು ಪಿಕ್ಸೆಲ್‌ಗಳ ಚೌಕದೊಳಗೆ ಒಂದು ಸೊಂಡಿಲಿನ ಬಾಗಿಗೂ ಪಕ್ಕದ ಸೊಂಡಿಲಿನ ಬಾಗಿಗೂ ವ್ಯತ್ಯಾಸ ಕಾಣುವುದು ಕಷ್ಟ. ಬಳಪದ ಕಲ್ಲಿನ ಬೂದು ಬಣ್ಣವೂ ಎಲ್ಲೆಡೆ ಒಂದೇ. ಹುಡುಕುವ ಹೊರಚೌಕದೊಳಗೆ ಎರಡು ಆನೆಗಳು ಬಿದ್ದರೆ ಟ್ರ್ಯಾಕರ್ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು.

ಎರರ್ ಏಕೆ ಇಳಿಯಲಿಲ್ಲವೆಂದು ತಿಳಿಯಲು ಕ್ಲಿಪ್ ಎಡಿಟರ್‌ನ ಗ್ರಾಫ್ ನೋಟವನ್ನು ತೆರೆಯಿರಿ. ಅಲ್ಲಿ ಮಾರ್ಕರ್‌ನ ವೇಗ ಗೆರೆಯಾಗಿ ಕಾಣುತ್ತದೆ. ಮಾರ್ಕರ್ ಪಕ್ಕದ ಆನೆಗೆ ಹಾರಿ ಮರುಫ್ರೇಮ್‌ನಲ್ಲಿ ಮರಳಿ ಬಂದಿದ್ದರೆ ಒಂದು ಮೇಲುಮೊನೆ, ಅದರ ಬೆನ್ನಿಗೇ ಒಂದು ಕೆಳಮೊನೆ ಇರುತ್ತದೆ. ಆಗ ಆ ಒಂದು ಫ್ರೇಮ್‌ನ ಮಾರ್ಕರ್ ಅಳಿಸಿದರೆ ಸಾಕು. ನಿಮ್ಮಲ್ಲಿ ಬಹುಶಃ ಒಂದೇ ಮೊನೆ ಇದ್ದು, ನಂತರ ಗೆರೆ ಸಮವಾಗಿರಬೇಕು. ಹಾಗಿದ್ದರೆ ಹಾರಿದ ಮಾರ್ಕರ್ ಹೊಸ ಆನೆಯ ಮೇಲೆಯೇ ನೆಲೆಸಿದೆ. ಮೊನೆಯ ಫ್ರೇಮ್ ಒಂದನ್ನು ಅಳಿಸಿದರೆ ತಪ್ಪಿನ ಗುರುತು ಮಾಯವಾಗುತ್ತದೆ, ತಪ್ಪು ಮಾತ್ರ ಮುಂದಿನ ಎಲ್ಲ ಫ್ರೇಮ್‌ಗಳಲ್ಲಿ ಉಳಿಯುತ್ತದೆ. ಆ ಫ್ರೇಮ್‌ನಿಂದ ಮುಂದಿನ ದಾರಿಯನ್ನು ಪೂರ್ತಿಯಾಗಿ ಕ್ಲಿಯರ್ ಮಾಡಿ ಮತ್ತೆ ಟ್ರ್ಯಾಕ್ ಮಾಡುವುದೇ ಸರಿ. ಮರುಟ್ರ್ಯಾಕ್ ಮಾಡುವಾಗ ಹೊರಚೌಕದ ಅಗಲ ಎರಡು ಆನೆಗಳ ನಡುವಿನ ಅಂತರಕ್ಕಿಂತ ಕಡಿಮೆ ಇರಲಿ; ಮುರಿದ ದಂತ, ಉದುರಿದ ಅಂಚು, ಕಲೆಗಟ್ಟಿದ ಜಾಗದಂತಹ ಒಂದೇ ಕಡೆ ಇರುವ ಗುರುತನ್ನು ಆರಿಸಿ.

ಬ್ಲೆಂಡರ್‌ನಲ್ಲಿ ಕೀಫ್ರೇಮ್ ಅಳಿಸುವುದಕ್ಕೆ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇಲ್ಲದ ಒಂದು ಪರಿಣಾಮವೂ ಇದೆ. ಟ್ರ್ಯಾಕ್ ಸೆಟ್ಟಿಂಗ್‌ನಲ್ಲಿ ಮ್ಯಾಚ್ ಎಂಬಲ್ಲಿ ಕೀಫ್ರೇಮ್ ಅಥವಾ ಪ್ರೀವಿಯಸ್ ಫ್ರೇಮ್ ಎಂಬ ಆಯ್ಕೆ ಇದೆ. ಪ್ರೀವಿಯಸ್ ಫ್ರೇಮ್ ಆರಿಸಿದರೆ ಪ್ರತಿ ಫ್ರೇಮನ್ನೂ ಅದರ ಹಿಂದಿನದಕ್ಕೆ ಹೋಲಿಸುವುದರಿಂದ ಬೆಳಕು ಬದಲಾದರೂ ಮಾರ್ಕರ್ ಗುರುತನ್ನು ಬಿಡುವುದಿಲ್ಲ, ಆದರೆ ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಕೀಫ್ರೇಮ್ ಆರಿಸಿದರೆ ನೀವು ಕೈಯಿಂದ ಮಾರ್ಕರ್ ಇಟ್ಟ ಫ್ರೇಮ್‌ನ ಚಿತ್ರವೇ ಮುಂದಿನ ಎಲ್ಲ ಫ್ರೇಮ್‌ಗಳಿಗೂ ಮಾದರಿ. ತಪ್ಪು ಕೂಡುವುದಿಲ್ಲ, ಆದರೆ ನೋಟದ ಕೋನ ಬಹಳ ಬದಲಾದರೆ ಗುರುತು ತಪ್ಪಿಹೋಗುತ್ತದೆ. ನಡುವೆ ಒಂದು ಫ್ರೇಮ್‌ನಲ್ಲಿ ಮಾರ್ಕರನ್ನು ಕೈಯಿಂದ ಸರಿಪಡಿಸಿದರೆ ಅಲ್ಲಿಂದ ಮುಂದೆ ಅದೇ ಹೊಸ ಮಾದರಿಯಾಗುತ್ತದೆ. ಅಂತಹ ಕೀಫ್ರೇಮನ್ನು ಅಳಿಸಿ ಮತ್ತೆ ಟ್ರ್ಯಾಕ್ ಮಾಡಿದಿರೆಂದರೆ, ಹೋದದ್ದು ಒಂದು ಜಾಗದ ಅಳತೆ ಮಾತ್ರವಲ್ಲ. ಟ್ರ್ಯಾಕರ್ ಏನನ್ನು ಹುಡುಕಬೇಕೆಂಬ ಸೂಚನೆಯೇ ಬದಲಾಗಿ, ಮುಂದಿನ ಇಡೀ ದಾರಿ ಬೇರೆಯಾಗಬಹುದು. ಕೈಯಿಂದ ಇಟ್ಟ ಕೀಫ್ರೇಮ್‌ಗಳನ್ನು ಕಣ್ಣುಮುಚ್ಚಿ ಅಳಿಸಬೇಡಿ.

ಎರರ್ ಹೆಚ್ಚಿರುವ ಟ್ರ್ಯಾಕ್‌ಗಳನ್ನೆಲ್ಲ ತೆಗೆದುಬಿಡುವ ಅಭ್ಯಾಸದ ಬಗ್ಗೆ ಎಚ್ಚರಿಕೆ ಅಗತ್ಯ. ತೆಗೆದಷ್ಟೂ ಸರಾಸರಿ ಇಳಿಯುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಬ್ಲೆಂಡರ್‌ಗೆ ಕ್ಯಾಮೆರಾ ಕಂಡುಹಿಡಿಯಲು ಕನಿಷ್ಠ ಎಂಟು ಟ್ರ್ಯಾಕ್‌ಗಳು ಬೇಕು, ಅವು ಬೇರೆ ಬೇರೆ ಆಳದಲ್ಲಿಯೂ ಇರಬೇಕು. ಹೊಯ್ಸಳೇಶ್ವರದ ಗೋಡೆ ಮೂಲೆಮೂಲೆಯಾಗಿ ಹೊರಚಾಚಿ ಒಳಸರಿಯುತ್ತದೆ. ನಡೆಯುತ್ತಾ ತೆಗೆದಾಗ ಹತ್ತಿರದ ಮೂಲೆ ಬೇಗ, ಒಳಗಿನ ಮೂಲೆ ನಿಧಾನವಾಗಿ ಸರಿಯುವುದರಿಂದಲೇ ಆಳದ ಲೆಕ್ಕ ಸಾಧ್ಯವಾಗುವುದು. ಅಂಕಿಯನ್ನು ಇಳಿಸುವ ಭರದಲ್ಲಿ ಹೊರಮೂಲೆಯ ಮಾರ್ಕರ್‌ಗಳನ್ನೆಲ್ಲ ತೆಗೆದು ಒಂದೇ ಚಪ್ಪಟೆ ಭಾಗದವನ್ನು ಉಳಿಸಿಕೊಂಡರೆ, ಎರರ್ ಒಂದು ಪಿಕ್ಸೆಲ್‌ಗಿಂತ ಕೆಳಗಿಳಿದರೂ ನೀವು ಇಟ್ಟ ಮೂರು ಆಯಾಮದ ವಸ್ತು ನೆಲದ ಮೇಲೆ ತೇಲಬಹುದು. ಗ್ರಾಫ್ ನೋಡಿ ಕೆಟ್ಟ ಭಾಗವನ್ನು ಮಾತ್ರ ಅಳಿಸಿ. ಉಳಿದ ಟ್ರ್ಯಾಕ್‌ಗಳು ಆ ಫ್ರೇಮ್‌ಗಳನ್ನು ತುಂಬಿಕೊಡುವಷ್ಟಿದ್ದರೆ ಒಂದು ಟ್ರ್ಯಾಕ್‌ನಲ್ಲಿ ಖಾಲಿ ಜಾಗವಿರುವುದು ದೋಷವೇ ಅಲ್ಲ. ಅಳಿಸಿದ ಮೇಲೆ ಸಾಲ್ವ್ ಮತ್ತೆ ಒತ್ತುವವರೆಗೆ ಹಳೆಯ ಕ್ಯಾಮೆರಾವೇ ಇರುತ್ತದೆ. ಆಫ್ಟರ್ ಎಫೆಕ್ಟ್ಸ್‌ನ ತ್ರೀಡಿ ಕ್ಯಾಮೆರಾ ಟ್ರ್ಯಾಕರ್‌ನಲ್ಲಾದರೆ ಪಾಯಿಂಟ್ ಅಳಿಸಿದ ಕೂಡಲೇ ಅದು ತಾನಾಗಿಯೇ ಮರುಲೆಕ್ಕ ಆರಂಭಿಸುತ್ತದೆ.

ಪ್ರಶ್ನೆ: ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುತ್ತಾ ತೆಗೆದ ವಿಡಿಯೊವನ್ನು ಸ್ಟೆಬಿಲೈಸ್ ಮಾಡಿ ಕುಲುಕಾಟ ತೆಗೆದೆ. ಚಿತ್ರ ಅತಿಯಾಗಿ ಬಿಗಿಯಾಯಿತು ಎನ್ನಿಸಿ, ಸ್ವಲ್ಪ ಸಹಜ ಅಲುಗಾಟ ಇರಲೆಂದು ಹನ್ನೆರಡಕ್ಕೊಂದು ಕೀಫ್ರೇಮ್ ಇಟ್ಟುಕೊಂಡರೆ ಕುಲುಕಾಟ ಪೂರ್ತಿಯಾಗಿ ಮರಳಿ ಬಂದಿತು. ಏಕೆ?
— ಓದುಗರು, ಚಿಕ್ಕಮಗಳೂರು

ಉತ್ತರ: ಮನುಷ್ಯರು ಸಾಧಾರಣ ನಡಿಗೆಯಲ್ಲಿ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾರೆ. ನಿಮ್ಮದೂ ಹೆಚ್ಚುಕಡಿಮೆ ಅದೇ ನಡಿಗೆಯಾಗಿದ್ದು ವಿಡಿಯೊ ಸೆಕೆಂಡಿಗೆ 25 ಫ್ರೇಮ್‌ನದಾಗಿದ್ದರೆ, ಪ್ರತಿ ಹನ್ನೆರಡು ಹನ್ನೆರಡೂವರೆ ಫ್ರೇಮ್‌ಗೆ ಕ್ಯಾಮೆರಾ ಒಮ್ಮೆ ಏರಿ ಇಳಿಯುತ್ತದೆ. ನೀವು ಉಳಿಸಿಕೊಂಡ ಕೀಫ್ರೇಮ್‌ಗಳೂ ಅದೇ ಅಂತರದಲ್ಲಿರುವುದರಿಂದ ಪ್ರತಿಯೊಂದೂ ಹೆಜ್ಜೆಯ ಒಂದೇ ಹಂತದಲ್ಲಿ ಬೀಳುತ್ತದೆ. ಅವುಗಳ ಲೆಕ್ಕದಲ್ಲಿ ಕ್ಯಾಮೆರಾ ಏರಿಳಿಯಲೇ ಇಲ್ಲ, ಆದ್ದರಿಂದ ಸರಿಪಡಿಸಲು ಏನೂ ಇಲ್ಲ. ಒಂದು ಚಲನೆಯನ್ನು ಹಿಡಿದಿಡಬೇಕಾದರೆ ಅದರ ಒಂದು ಆವರ್ತಕ್ಕೆ ಎರಡಕ್ಕಿಂತ ಹೆಚ್ಚು ಅಳತೆಗಳು ಬೇಕು. ಅದಕ್ಕಿಂತ ಕಡಿಮೆಯಾದರೆ ಆ ಚಲನೆ ಲೆಕ್ಕಕ್ಕೆ ಸಿಗುವುದಿಲ್ಲ. ಬಿಗಿ ಸಡಿಲಿಸಲು ಅಳಿಸುವ ದಾರಿ ಬೇಡ. ಆಫ್ಟರ್ ಎಫೆಕ್ಟ್ಸ್‌ನ ವಾರ್ಪ್ ಸ್ಟೆಬಿಲೈಸರ್ ಎಂಬ ಎಫೆಕ್ಟ್‌ನಲ್ಲಿ ಸ್ಮೂತ್ ಮೋಷನ್ ಆಯ್ಕೆಮಾಡಿ ಸ್ಮೂತ್‌ನೆಸ್ ಇಳಿಸಿ. ಅದು ಮೊದಲಿಗೆ 50 ಪ್ರತಿಶತ ಇರುತ್ತದೆ, ಹತ್ತು ಇಪ್ಪತ್ತಕ್ಕೆ ತಂದು ನೋಡಿ. ಬೆಟ್ಟದ ಮೇಲೆ ಮಂಜು ಸರಿದಾಡುತ್ತಿದ್ದ ಭಾಗವಿದ್ದರೆ ಟ್ರ್ಯಾಕ್ ಪಾಯಿಂಟ್‌ಗಳನ್ನು ತೋರಿಸುವಂತೆ ಮಾಡಿ, ಮಂಜಿನ ಅಂಚಿಗೆ ಅಂಟಿಕೊಂಡವನ್ನು ಅಳಿಸಿ. ಒಂದು ಫ್ರೇಮ್‌ನಲ್ಲಿ ಅಳಿಸಿದ್ದನ್ನು ಉಳಿದ ಫ್ರೇಮ್‌ಗಳಿಗೂ ತಾನಾಗಿ ಅನ್ವಯಿಸುವ ಆಯ್ಕೆ ಅಲ್ಲಿಯೇ ಇದೆ. ಕಾಫಿ ತೋಟದ ವಿಡಿಯೊಗಳಲ್ಲಿ ಗಾಳಿಗೆ ಅಲುಗುವ ಸಿಲ್ವರ್ ಓಕ್ ಎಲೆಗಳ ಮೇಲಿನ ಪಾಯಿಂಟ್‌ಗಳಿಗೂ ಇದೇ ಉಪಚಾರ.

ಪ್ರಶ್ನೆ: ಸಾವಿರಾರು ಟ್ರ್ಯಾಕಿಂಗ್ ಕೀಫ್ರೇಮ್‌ಗಳಿಂದ ಪ್ರಾಜೆಕ್ಟ್ ನಿಧಾನವಾಗುತ್ತದೆಯೇ? ಅಳಿಸಿದರೆ ವೇಗ ಹೆಚ್ಚುವುದೇ?
— ಓದುಗರು, ಸಕಲೇಶಪುರ

ಉತ್ತರ: ಇಲ್ಲ. ಸೆಕೆಂಡಿಗೆ 25 ಫ್ರೇಮ್‌ನ ಒಂದು ನಿಮಿಷದ ವಿಡಿಯೊಗೆ 1,500 ಕೀಫ್ರೇಮ್‌ಗಳಾಗುತ್ತವೆ. ಪ್ರತಿಯೊಂದೂ ಕೆಲವೇ ಸಂಖ್ಯೆಗಳು. ನಿಧಾನಕ್ಕೆ ಕಾರಣ ಹೆಚ್ಚಾಗಿ ಮೊಬೈಲ್‌ನ ಎಚ್.265 (ಬಹಳ ಒತ್ತಿ ಕುಗ್ಗಿಸಿದ) ವಿಡಿಯೊ, ಅದನ್ನು ಬಿಚ್ಚಲು ಕಂಪ್ಯೂಟರ್‌ಗೆ ಶ್ರಮ. ಮೊಬೈಲ್ ವಿಡಿಯೊದ ಫ್ರೇಮ್ ವೇಗವೂ ಅನೇಕ ವೇಳೆ ಸ್ಥಿರವಾಗಿರುವುದಿಲ್ಲ. ಟ್ರ್ಯಾಕ್ ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್‌ನಂತಹ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆಯ್ಕೆಮಾಡಿ, ಗುಣಮಟ್ಟ ಇಳಿಯದಂತೆ ಪರಿವರ್ತಿಸಿಕೊಳ್ಳಿ. ಟ್ರ್ಯಾಕ್ ಆದ ಮೇಲೆ ಪರಿವರ್ತಿಸಿದರೆ ಕೀಫ್ರೇಮ್‌ಗಳು ತಪ್ಪು ಫ್ರೇಮ್‌ಗಳ ಮೇಲೆ ಕುಳಿತು, ಎಲ್ಲವನ್ನೂ ಮತ್ತೆ ಟ್ರ್ಯಾಕ್ ಮಾಡಬೇಕಾಗುತ್ತದೆ.